ನಡುಗುವ ಕಾಯಿಲೆಗೊಂದು ಅಳತೆಗೋಲು

ಮಗುವಿಗೆ ಜ್ವರ ಬಂದರೆ ತಾಯಿ ಮೊದಲು ಹಣೆ ಮುಟ್ಟಿ ನೋಡುತ್ತಾಳೆ. ಅನುಮಾನ ಬಂದರೆ ಥರ್ಮಾಮೀಟರು ಇದ್ದೇ ಇದೆ. ಸಕ್ಕರೆ ಕಾಯಿಲೆಯವರಿಗೆ ರಕ್ತದ ಪರೀಕ್ಷೆ, ರಕ್ತದೊತ್ತಡದವರಿಗೆ ತೋಳಿಗೆ ಸುತ್ತುವ ಪಟ್ಟಿ. ಕೊಟ್ಟ ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಈ ಅಂಕಿಗಳು ಹೇಳಿಬಿಡುತ್ತವೆ. ಪಾರ್ಕಿನ್ಸನ್ ಕಾಯಿಲೆಯ ವಿಷಯ ಹಾಗಲ್ಲ. ಆಯುರ್ವೇದದವರು ಕಂಪವಾತವೆಂದು ಕರೆಯುವ ಈ ನಡುಕದ ರೋಗಕ್ಕೆ ತೀರಾ ಇತ್ತೀಚಿನವರೆಗೆ ಅಂಥದೊಂದು ಅಳತೆಗೋಲೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು.

ವೈದ್ಯರು ಮಾಡುತ್ತಿದ್ದುದು ಇಷ್ಟು. ಹೆಬ್ಬೆರಳು, ತೋರುಬೆರಳುಗಳನ್ನು ಬೇಗಬೇಗ ಒಂದಕ್ಕೊಂದು ತಾಗಿಸಲು ರೋಗಿಗೆ ಹೇಳುವುದು, ಮುಷ್ಟಿ ಬಿಗಿಸಿ ಬಿಚ್ಚಿಸುವುದು, ಕೈ ಊರದೆ ಕುರ್ಚಿಯಿಂದ ಏಳಿಸುವುದು, ನಾಲ್ಕು ಹೆಜ್ಜೆ ನಡೆಸಿ ತಿರುಗಿಸುವುದು, ಹಿಂದೆ ನಿಂತು ಭುಜ ಹಿಡಿದೆಳೆದು ಎಷ್ಟು ಬೇಗ ಸಾವರಿಸಿಕೊಳ್ಳುತ್ತಾರೆಂದು ನೋಡುವುದು. ಒಂದೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ಶಾಲೆಯ ಪರೀಕ್ಷೆಗೂ ಇದಕ್ಕೂ ವ್ಯತ್ಯಾಸವೆಂದರೆ ಇಲ್ಲಿ ಅಂಕ ಹೆಚ್ಚಿದಷ್ಟೂ ಕೆಟ್ಟದ್ದು. ಇಂದಿಗೂ ಈ ಪರೀಕ್ಷೆ ನಡೆಯುತ್ತದೆ, ಅನುಭವಿ ವೈದ್ಯರ ಕೈಯಲ್ಲಿ ಅದು ಒಳ್ಳೆಯ ಪರೀಕ್ಷೆಯೂ ಹೌದು. ಆದರೆ ರೋಗಿಗೆ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಅಂಕ ಏರುತ್ತದೆ. ಮಾತ್ರೆ ನುಂಗಿ ಒಂದು ಗಂಟೆಯಾಗಿದ್ದರೆ ಇಳಿಯುತ್ತದೆ. ಮಿದುಳಿನೊಳಗೆ ಸಾಯುತ್ತಿರುವ ನರಕೋಶಗಳ ಲೆಕ್ಕ ಹೊರಗಿನ ಈ ಅಂಕಗಳಲ್ಲಿ ನೇರವಾಗಿ ಸಿಗುವುದಿಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರ ಕಾಯಿಲೆಯನ್ನು ವಿವರಿಸಿ ಪುಟ್ಟ ಪುಸ್ತಕವೊಂದನ್ನು ಪ್ರಕಟಿಸಿದ್ದು 1817ರಲ್ಲಿ. ಮಿದುಳಿನ ಬುಡದ ಒಂದು ಸಣ್ಣ ಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಸಾಯುವುದೇ ನಡುಕಕ್ಕೂ ಬಿಗಿತಕ್ಕೂ ಮೂಲವೆಂದು ತಿಳಿಯಲು ಮತ್ತೆ ಸುಮಾರು 140 ವರ್ಷ ಬೇಕಾಯಿತು. ದೇಹದಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಔಷಧಿಯ ಫಲವನ್ನು ಜಾರ್ಜ್ ಕೊಟ್ಜಿಯಾಸ್ 1967ರಲ್ಲಿ ತೋರಿಸಿಕೊಟ್ಟರು. ಅವರು ಕೆಲಸ ಮಾಡುತ್ತಿದ್ದುದು ಅಮೆರಿಕ ಸರ್ಕಾರದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ಅದನ್ನು ಮಾತ್ರೆಯಾಗಿ ಊರೂರಿಗೆ ತಲುಪಿಸಿದ್ದು ಔಷಧಿ ಕಂಪನಿಗಳು. (ಮೈಗೆ ತಾಗಿದರೆ ಉರಿ ಹತ್ತಿಸುವ ನಸುಗುನ್ನಿ ಕಾಯಿಯನ್ನು ಹಳ್ಳಿಯ ಮಕ್ಕಳು ಬಲ್ಲರು. ಅದರ ಬೀಜದಲ್ಲಿ ಇರುವುದೂ ಇದೇ ಲೆವೊಡೋಪಾ. ಆದರೆ ಬೀಜದಲ್ಲಿ ಅದರ ಪ್ರಮಾಣ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಮನೆಯಲ್ಲಿ ಪುಡಿ ಮಾಡಿ ಅಜ್ಜನಿಗೆ ಕೊಡುವ ಸಾಹಸ ಬೇಡ.)

ಲೆವೊಡೋಪಾ ಇಂದಿಗೂ ಈ ಕಾಯಿಲೆಯ ಮುಖ್ಯ ಔಷಧಿ. ಅದು ಕೊರತೆಯನ್ನು ತುಂಬುತ್ತದೆ, ಕೋಶಗಳ ಸಾವನ್ನು ತಡೆಯುವುದಿಲ್ಲ. ಕೈ ನಡುಗಲು ಆರಂಭವಾಗುವ ವೇಳೆಗೆ ಆ ಭಾಗದ ಕೋಶಗಳಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ನಷ್ಟವಾಗಿರುತ್ತವೆ. ಹಾಗಾಗಿ ವಿಜ್ಞಾನಿಗಳ ಕನಸು ಯಾವಾಗಲೂ ರೋಗದ ಓಟವನ್ನೇ ನಿಧಾನಗೊಳಿಸುವ ಔಷಧಿಯದು. ಆ ಕನಸಿಗೆ ಬಿದ್ದ ಪೆಟ್ಟುಗಳೂ ಹಲವು. ಕ್ರಿಯಾಟಿನ್ ಎಂಬ ವಸ್ತು ಕೋಶಗಳನ್ನು ಕಾಪಾಡಬಹುದೆಂಬ ಆಸೆಯಿಂದ ಅಮೆರಿಕ ಸರ್ಕಾರದ ಹಣದಲ್ಲಿ ಅಲ್ಲಿಯೂ ಕೆನಡಾದಲ್ಲಿಯೂ 1,741 ರೋಗಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಯಿತು. ಫಲವಿಲ್ಲವೆಂದು 2013ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು ಕೋ-ಎಂಜೈಮ್ ಕ್ಯೂ10 ಎಂಬುದರ ಗತಿಯೂ ಅದೇ ಆಗಿತ್ತು.

ಔಷಧಿ ನಿಜಕ್ಕೂ ಸೋತಿತೋ, ಅಥವಾ ಗೆದ್ದದ್ದನ್ನು ಕಾಣುವ ಕಣ್ಣು ಇರಲಿಲ್ಲವೋ? ರೋಗವೇ ಬೇರೆಯಾಗಿದ್ದವರು ಪ್ರಯೋಗದಲ್ಲಿ ಸೇರಿಕೊಂಡಿದ್ದರೋ? ಅಳತೆಗೋಲಿಲ್ಲದೆ ಹೇಳುವುದು ಕಷ್ಟ. ವರ್ಷಗಟ್ಟಲೆ ಮಾತ್ರೆ ನುಂಗಿದ ಸಾವಿರಾರು ರೋಗಿಗಳಿಗೆ ಕೊನೆಗೆ ಸಿಕ್ಕಿದ್ದು ಒಂದು ‘ಇಲ್ಲ’ ಮಾತ್ರ. ಏಕೆ ಇಲ್ಲ ಎಂಬುದಕ್ಕೆ ಉತ್ತರವಿಲ್ಲ.

ಹಾಗಾದರೆ ಅಳತೆಗೋಲನ್ನೇ ಮೊದಲು ಮಾಡಬಾರದಿತ್ತೆ? ಮಾಡಬಹುದಿತ್ತು, ಆದರೆ ಯಾರು ಮಾಡಬೇಕು? ಕಂಪನಿಯೊಂದು ಔಷಧಿ ಕಂಡುಹಿಡಿದರೆ ಪೇಟೆಂಟ್ ಪಡೆದು ಹಾಕಿದ ಹಣ ವಾಪಸು ಪಡೆಯಬಹುದು. ರೋಗವನ್ನು ಅಳೆಯುವ ವಿಧಾನ ಹಾಗಲ್ಲ. ನೂರಾರು ರೋಗಿಗಳನ್ನು ಹತ್ತಾರು ವರ್ಷ ಹಿಂಬಾಲಿಸಬೇಕು, ಕೋಟಿಗಟ್ಟಲೆ ಸುರಿಯಬೇಕು, ಕಡೆಗೆ ಸಿಕ್ಕಿದ್ದು ಎದುರಾಳಿ ಕಂಪನಿಗೂ ಅಷ್ಟೇ ಉಪಯೋಗಕ್ಕೆ ಬರುತ್ತದೆ. ಊರ ಕೆರೆಯ ಹೂಳನ್ನು ಒಬ್ಬನೇ ರೈತ ತನ್ನ ಖರ್ಚಿನಲ್ಲಿ ಎತ್ತಿಸಿದಂತೆ. ಇತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಸರ್ಕಾರದ ಅನುದಾನ ಸಿಗುವುದು ಮೂರು ಅಥವಾ ಐದು ವರ್ಷಕ್ಕೆ. ಒಬ್ಬೊಬ್ಬರ ಬಳಿ ಐವತ್ತೋ ಅರವತ್ತೋ ರೋಗಿಗಳ ಮಾಹಿತಿ. ಒಬ್ಬರು ಅಳೆದ ಕ್ರಮ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ.

ಈ ಗಂಟನ್ನು ಬಿಡಿಸಲು ಹೊರಟವರಲ್ಲಿ ಮುಖ್ಯನಾದವನು ವಿಜ್ಞಾನಿಯಲ್ಲ, ಸಿನಿಮಾ ನಟ. ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದಿಂದ ಮನೆಮಾತಾದ ಮೈಕಲ್ ಜೆ. ಫಾಕ್ಸ್‌ಗೆ ಪಾರ್ಕಿನ್ಸನ್ ಇದೆಯೆಂದು ತಿಳಿದದ್ದು 1991ರಲ್ಲಿ, ಆತನ 29ನೆಯ ವಯಸ್ಸಿನಲ್ಲಿ. ಏಳು ವರ್ಷ ಗುಟ್ಟಾಗಿಟ್ಟು 1998ರಲ್ಲಿ ಬಹಿರಂಗಪಡಿಸಿದ ಆತ 2000ದಲ್ಲಿ ತನ್ನ ಹೆಸರಿನ ಪ್ರತಿಷ್ಠಾನವನ್ನು ಆರಂಭಿಸಿದ. ಹತ್ತು ವರ್ಷಗಳ ತರುವಾಯ, 2010ರಲ್ಲಿ, ಆ ಪ್ರತಿಷ್ಠಾನ ಔಷಧಿ ಕಂಪನಿಗಳನ್ನೂ ವಿಶ್ವವಿದ್ಯಾಲಯಗಳನ್ನೂ ಒಂದೇ ಚಾವಡಿಗೆ ಕರೆತಂದು ಒಂದು ದೀರ್ಘ ಅಧ್ಯಯನಕ್ಕೆ ಕೈಹಾಕಿತು. ರೋಗದ ಮುನ್ನಡೆಯ ಗುರುತುಗಳನ್ನು ಹುಡುಕುವುದು ಅದರ ಉದ್ದೇಶ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಅದನ್ನು ಪಿಪಿಎಂಐ ಎನ್ನುತ್ತಾರೆ. ಮೊದಲು ಕೈಜೋಡಿಸಿದ ಕಂಪನಿಗಳಲ್ಲಿ ಫೈಜರ್ ಮತ್ತು ಜಿಇ ಹೆಲ್ತ್‌ಕೇರ್ ಇದ್ದವು. ಆಮೇಲೆ ಹತ್ತಾರು ಕಂಪನಿಗಳು ಸೇರಿದವು. ಇಂಥ ಕೂಟಗಳನ್ನು ಸಾರ್ವಜನಿಕ-ಖಾಸಗಿ ಪಾಲುದಾರಿಕೆ ಎನ್ನುವುದು ವಾಡಿಕೆ. ಇಲ್ಲಿ ಸಾರ್ವಜನಿಕ ಎಂದರೆ ಸರ್ಕಾರದ ಬೊಕ್ಕಸವೊಂದೇ ಅಲ್ಲ, ರೋಗಿಗಳೂ ಅವರ ಮನೆಯವರೂ ಕೊಟ್ಟ ದೇಣಿಗೆಯೂ ಹೌದು.

ಮೊದಲ ಗುರಿ, ಹೊಸದಾಗಿ ರೋಗ ಪತ್ತೆಯಾದ, ಇನ್ನೂ ಔಷಧಿ ಆರಂಭಿಸದ 400 ಜನ. ಹೋಲಿಕೆಗೆ ರೋಗವಿಲ್ಲದ 200 ಜನ. ಇವರೆಲ್ಲರ ನಡಿಗೆ, ನಿದ್ದೆ, ನೆನಪಿನ ಪರೀಕ್ಷೆಗಳಾಗಬೇಕು, ಮಿದುಳಿನ ಸ್ಕ್ಯಾನ್ ಆಗಬೇಕು, ರಕ್ತ ಕೊಡಬೇಕು. ಎಲ್ಲಕ್ಕಿಂತ ಕಷ್ಟದ್ದು, ಸೊಂಟದ ಬಳಿ ಬೆನ್ನಿಗೆ ಸೂಜಿ ಚುಚ್ಚಿ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರನ್ನು ತೆಗೆಯುವುದು. ಒಂದು ಸಲವಲ್ಲ, ವರ್ಷಗಳ ಉದ್ದಕ್ಕೂ ಮತ್ತೆ ಮತ್ತೆ. ಕಾಯಿಲೆ ಇದ್ದವರು ಆಸೆಯಿಂದ ಬಂದರೆಂದುಕೊಳ್ಳೋಣ. ಏನೂ ಕಾಯಿಲೆ ಇಲ್ಲದವರು, ಗಂಡನಿಗೋ ಅಕ್ಕನಿಗೋ ಸ್ನೇಹಿತನಿಗೋ ಇದೆಯೆಂಬ ಕಾರಣಕ್ಕೆ ಬಂದು ಬೆನ್ನು ಒಡ್ಡಿ ಮಲಗುತ್ತಾರಲ್ಲ, ಅವರಿಲ್ಲದೆ ಈ ಲೆಕ್ಕ ಒಂದು ಹೆಜ್ಜೆಯೂ ಮುಂದೆ ಹೋಗದು. ಕಂಪನಿಗಳು ಕೊಟ್ಟ ಡಾಲರುಗಳಿಗಿಂತ ಈ ಪಾಲು ದೊಡ್ಡದು. ಪತ್ರಿಕೆಗಳಲ್ಲಿ ಬರುವ ಪಾಲುದಾರರ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರುವುದಿಲ್ಲ.

ಎಲ್ಲ ಆಸ್ಪತ್ರೆಗಳೂ ಒಂದೇ ಕ್ರಮ ಅನುಸರಿಸಬೇಕೆಂಬುದು ಕಟ್ಟುನಿಟ್ಟು. ತೆಗೆದ ನೀರನ್ನು ಯಾವ ಬಗೆಯ ಕೊಳವೆಯಲ್ಲಿ ಹಾಕಬೇಕು, ಎಷ್ಟು ಹೊತ್ತಿನೊಳಗೆ ಹೆಪ್ಪುಗಟ್ಟಿಸಬೇಕು ಎಂಬುದೆಲ್ಲ ಬರೆದಿಟ್ಟ ನಿಯಮ. ಪಿಯುಸಿ ಪ್ರಯೋಗಾಲಯದಲ್ಲಿ ಟೈಟ್ರೇಶನ್ ಮಾಡುವಾಗ ಮೇಷ್ಟ್ರು ಬ್ಯುರೆಟ್ಟಿನ ಓದನ್ನು ಕಣ್ಣಿನ ಮಟ್ಟದಲ್ಲೇ ನೋಡಿ ಎಂದು ಗದರುವುದು ಏಕೆಂದು ಇಂಥ ಕಡೆ ತಿಳಿಯುತ್ತದೆ. ಎರಡನೆಯ ಕಟ್ಟುನಿಟ್ಟು ಇನ್ನೂ ಮುಖ್ಯವಾದದ್ದು: ಸಿಕ್ಕಿದ ಮಾಹಿತಿ ಹಣ ಕೊಟ್ಟವರ ಸ್ವತ್ತಲ್ಲ. ರೋಗಿಗಳ ಹೆಸರು ತೆಗೆದು, ಜಗತ್ತಿನ ಯಾವುದೇ ಅರ್ಹ ಸಂಶೋಧಕರು ಅರ್ಜಿ ಹಾಕಿ ಪಡೆಯುವಂತೆ ಅದನ್ನು ತೆರೆದಿಡಲಾಯಿತು. ಕಂಪನಿಗಳು ಇದಕ್ಕೆ ಹೇಗೆ ಒಪ್ಪಿದವು? ಅಳತೆಗೋಲು ಎಲ್ಲರದು, ಅದನ್ನು ಬಳಸಿ ಮಾಡುವ ಔಷಧಿ ಅವರವರದು ಎಂಬ ಗಡಿಗೆರೆ ಎಳೆದದ್ದರಿಂದ. ಪೈಪೋಟಿ ಆರಂಭವಾಗುವ ಮುನ್ನ ಓಟದ ದಾರಿಯನ್ನು ಕೂಡಿ ಸಮ ಮಾಡಿಕೊಂಡಂತೆ.

ಈ ಹಣಕ್ಕೆ ಸಿಕ್ಕಿದ್ದೇನು ಎಂಬುದನ್ನು ತಿಳಿಯಲು ಒಂದು ಪ್ರೋಟೀನಿನ ಕಥೆ ಹೇಳಬೇಕು. ಪಾರ್ಕಿನ್ಸನ್ ರೋಗಿಗಳ ಮಿದುಳಿನ ಕೋಶಗಳಲ್ಲಿ ಗುಂಡಗಿನ ಗಂಟುಗಳಿರುವುದನ್ನು ಫ್ರೆಡ್ರಿಕ್ ಲೆವಿ 1912ರಲ್ಲೇ ಕಂಡಿದ್ದರು. ಅವು ಯಾವುದರಿಂದ ಆದವು ಎಂಬುದು ಗೊತ್ತಾದದ್ದು 1997ರಲ್ಲಿ. ದಕ್ಷಿಣ ಇಟಲಿಯ ಕೊಂಟುರ್ಸಿ ಎಂಬ ಊರಿನ ಮೂಲದ ಒಂದು ದೊಡ್ಡ ಕುಟುಂಬದಲ್ಲಿ ತಲೆತಲಾಂತರಕ್ಕೂ ಈ ರೋಗ ಹರಿದು ಬಂದಿತ್ತು. ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಆ ಕುಟುಂಬದವರ ಜೀನಿನಲ್ಲಿ ದೋಷ ಹುಡುಕಿದರು. ಆ ಜೀನು ತಯಾರಿಸುವ ಪ್ರೋಟೀನಿನ ಹೆಸರು ಆಲ್ಫಾ ಸಿನ್ಯೂಕ್ಲಿನ್. ಅದೇ ವರ್ಷ ಲೆವಿಯ ಗಂಟುಗಳಲ್ಲಿ ತುಂಬಿರುವುದೂ ಅದೇ ಎಂದು ಮತ್ತೊಂದು ತಂಡ ತೋರಿಸಿತು. ಆರೋಗ್ಯವಂತರಲ್ಲೂ ಈ ಪ್ರೋಟೀನು ಇರುತ್ತದೆ. ಅದರ ಮಡಿಕೆ ಕೆಟ್ಟಾಗ ತೊಂದರೆ. ಕೆಟ್ಟದ್ದು ಪಕ್ಕದ ಒಳ್ಳೆಯದನ್ನೂ ತನ್ನಂತೆಯೇ ಕೆಡಿಸುತ್ತದೆ.

ಅಡಿಗೆಮನೆಯಲ್ಲಿ ದಿನವೂ ರಾತ್ರಿ ನಡೆಯುವುದು ಹೆಚ್ಚುಕಡಿಮೆ ಇದೇ. ಪಾತ್ರೆ ತುಂಬ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಪೂರ್ತಿ ಮೊಸರು. ಹೆಪ್ಪು ಬೀಳದಿದ್ದರೆ ಅಂಥ ಗಟ್ಟಿ ಮೊಸರಾಗದು. (ಹಾಲಿನಲ್ಲಿ ಕೆಲಸ ಮಾಡುವುದು ಜೀವಂತ ಬ್ಯಾಕ್ಟೀರಿಯ, ಇಲ್ಲಿ ಬರೀ ಪ್ರೋಟೀನು, ಹೋಲಿಕೆ ಅಷ್ಟಕ್ಕೇ ನಿಲ್ಲಲಿ.) ಹೊಸ ಪರೀಕ್ಷೆಯೂ ಹೀಗೆಯೇ. ಕೊಳವೆಯೊಂದರಲ್ಲಿ ಒಳ್ಳೆಯ ಆಲ್ಫಾ ಸಿನ್ಯೂಕ್ಲಿನ್ ಇಟ್ಟು ಅದಕ್ಕೆ ರೋಗಿಯ ಬೆನ್ನಿನಿಂದ ತೆಗೆದ ನೀರನ್ನು ತುಸು ಬೆರೆಸುತ್ತಾರೆ. ನೀರಿನಲ್ಲಿ ಕೆಟ್ಟ ಪ್ರೋಟೀನಿನ ಚೂರಿದ್ದರೆ ಅದೇ ಹೆಪ್ಪಾಗಿ ಕೊಳವೆಯ ಪ್ರೋಟೀನೆಲ್ಲ ಗಂಟುಕಟ್ಟುತ್ತದೆ. ಗಂಟುಗಳಿಗೆ ಅಂಟಿದ ಬಣ್ಣ ಹೊಳೆಯುತ್ತದೆ. ಚೂರಿಲ್ಲದಿದ್ದರೆ ಹೊಳಪಿಲ್ಲ.

ಪಿಪಿಎಂಐನಲ್ಲಿ ಸೇರಿದ್ದ 1,123 ಜನರ ನೀರನ್ನು ಹೀಗೆ ಪರೀಕ್ಷಿಸಿದ ಫಲಿತಾಂಶ 2023ರ ಏಪ್ರಿಲ್‌ನಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ ಪತ್ರಿಕೆಯಲ್ಲಿ ಬಂತು. ಪಾರ್ಕಿನ್ಸನ್ ಇದ್ದವರಲ್ಲಿ ಶೇಕಡ 87.7ರಷ್ಟು ಜನರಲ್ಲಿ ಪರೀಕ್ಷೆ ರೋಗವನ್ನು ಹಿಡಿಯಿತು. ರೋಗವಿಲ್ಲದವರಲ್ಲಿ ಶೇಕಡ 96ರಷ್ಟು ಜನರಿಗೆ ಸರಿಯಾಗಿಯೇ ‘ಇಲ್ಲ’ ಎಂದಿತು. ನಡುಕವೇ ಬಾರದ, ಆದರೆ ವಾಸನೆ ತಿಳಿಯುವ ಶಕ್ತಿ ಕುಂದಿದ್ದ 18 ಜನರಲ್ಲಿ 16 ಮಂದಿಯ ನೀರು ಕೊಳವೆಯನ್ನು ಹೊಳೆಸಿತು. ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಒಗ್ಗರಣೆಯ ಘಮ, ಮಲ್ಲಿಗೆಯ ಪರಿಮಳ ಮಂಕಾಗುವುದು ಈ ಕಾಯಿಲೆಯ ಒಂದು ಮುನ್ಸೂಚನೆ. ಹಾಗೆಂದು ವಾಸನೆ ತಿಳಿಯದವರೆಲ್ಲ ಹೆದರಬೇಕಾಗಿಲ್ಲ. ವಯಸ್ಸು, ಮೂಗಿನ ತೊಂದರೆ, ಕೋವಿಡ್‌ನಂಥ ಸೋಂಕು ಹೀಗೆ ಕಾರಣಗಳು ಬೇಕಾದಷ್ಟಿವೆ. ಆ ಹದಿನೆಂಟು ಜನರನ್ನು ಇತರ ಪರೀಕ್ಷೆಗಳನ್ನೂ ನೋಡಿಯೇ ಆರಿಸಲಾಗಿತ್ತು.

ಪರೀಕ್ಷೆ ಒಂದು ವಿಚಿತ್ರವನ್ನೂ ಬಯಲಿಗೆಳೆಯಿತು. ಎಲ್‌ಆರ್‌ಆರ್‌ಕೆ2 ಎಂಬ ಜೀನಿನ ದೋಷದಿಂದ ಪಾರ್ಕಿನ್ಸನ್ ಬಂದವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಹೊಳಪು ಕಾಣಲಿಲ್ಲ. ವೈದ್ಯರು ಒಂದೇ ಹೆಸರಿಟ್ಟು ಕರೆಯುತ್ತಿದ್ದುದು ಒಂದೇ ರೋಗವಲ್ಲ ಎಂದಾಯಿತು. ಪ್ರೋಟೀನನ್ನು ಹಿಡಿಯುವ ಔಷಧಿಯನ್ನು ಆ ಪ್ರೋಟೀನಿನ ಗಂಟೇ ಇಲ್ಲದವರಿಗೆ ಕೊಟ್ಟು ಫಲವಿಲ್ಲವೆಂದು ಗೊಣಗುವ ಕಾಲ ಇನ್ನು ಮುಗಿಯಬಹುದು. ಔಷಧಿ ಪ್ರಯೋಗಗಳಲ್ಲಿ ಈ ಪರೀಕ್ಷೆಯನ್ನು ಬಳಸುವುದಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2024ರಲ್ಲಿ ಬೆಂಬಲದ ಪತ್ರ ಕೊಟ್ಟಿತು.

ಇದಿಷ್ಟು ಬೆಳಕಿನ ಕಡೆ. ಸರ್ಕಾರ ನೇರವಾಗಿ ಕೈಹಾಕಿದ ಇನ್ನೊಂದು ಕೂಟದ ಆರಂಭವನ್ನು ನೋಡಿದರೆ ಮತ್ತೊಂದು ಮುಖ ಕಾಣುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಔಷಧಿ ನಿಯಂತ್ರಣ ಸಂಸ್ಥೆ, ಫಾಕ್ಸ್ ಪ್ರತಿಷ್ಠಾನ ಮತ್ತು ಐದು ಕಂಪನಿಗಳು (ಸೆಲ್‌ಜೀನ್, ಜಿಎಸ್‌ಕೆ, ಫೈಜರ್, ಸನೋಫಿ, ವೆರಿಲಿ) 2018ರ ಜನವರಿಯಲ್ಲಿ ಪಾರ್ಕಿನ್ಸನ್ ಔಷಧಿಗಳ ಶೋಧಕ್ಕೆ ವೇಗ ಕೊಡುವ ಒಪ್ಪಂದವನ್ನು ಘೋಷಿಸಿದವು. ಐದು ವರ್ಷಗಳಲ್ಲಿ ಸರ್ಕಾರದ ಪಾಲು 1.2 ಕೋಟಿ ಡಾಲರುಗಳವರೆಗೆ, ಒಂದೊಂದು ಕಂಪನಿಯದು 20 ಲಕ್ಷದವರೆಗೆ. ಪಿಪಿಎಂಐನಂಥ ಹಲವು ಅಧ್ಯಯನಗಳ ಮಾಹಿತಿಯನ್ನು ಒಂದೇ ಕಣಜಕ್ಕೆ ತುಂಬುವುದು ಅದರ ಕೆಲಸ. ಅದೇ ಜನವರಿಯಲ್ಲಿ ಫೈಜರ್ ಮತ್ತೊಂದು ಘೋಷಣೆಯನ್ನೂ ಮಾಡಿತು. ಆಲ್ಜೈಮರ್ ಮತ್ತು ಪಾರ್ಕಿನ್ಸನ್ ಕಾಯಿಲೆಗಳಿಗೆ ಹೊಸ ಔಷಧಿ ಹುಡುಕುವ ತನ್ನ ಸ್ವಂತ ವಿಭಾಗವನ್ನು ಮುಚ್ಚುವುದಾಗಿಯೂ, ಸುಮಾರು 300 ಹುದ್ದೆಗಳು ಹೋಗುವುದಾಗಿಯೂ ತಿಳಿಸಿತು!

ಒಂದು ಕೈಯಲ್ಲಿ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಮುಚ್ಚಿದಂತೆ ಕಂಡರೂ ಇದರಲ್ಲಿ ಒಂದು ತರ್ಕವಿದೆ. ಒಬ್ಬಂಟಿಯಾಗಿ ಹೊರಲಾರದ ನಷ್ಟವನ್ನು ಹಂಚಿಕೊಳ್ಳಲು ಕಂಪನಿಗಳು ಇಂಥ ಕೂಟಕ್ಕೆ ಬರುತ್ತವೆ. ಲಾಭದ ಲೆಕ್ಕ ಬದಲಾದರೆ ಎದ್ದು ಹೋಗುವ ಸ್ವಾತಂತ್ರ್ಯವನ್ನು ಯಾವ ಕಂಪನಿಯೂ ಬಿಟ್ಟುಕೊಡುವುದಿಲ್ಲ. ಫೈಜರ್ ಕೈಬಿಟ್ಟ ಔಷಧಿಗಳನ್ನು ಅದೇ ವರ್ಷ ಸೆರೆವೆಲ್ ಎಂಬ ಹೊಸ ಕಂಪನಿಗೆ ವರ್ಗಾಯಿಸಲಾಯಿತು. ಅವುಗಳಲ್ಲೊಂದಾದ ಟ್ಯಾವಪಡಾನ್ 2024ರಲ್ಲಿ ಪಾರ್ಕಿನ್ಸನ್ ರೋಗಿಗಳ ಮೇಲಿನ ಕೊನೆಯ ಹಂತದ ಪ್ರಯೋಗಗಳಲ್ಲಿ ಫಲ ತೋರಿತು. ಅದೂ ರೋಗವನ್ನು ನಿಲ್ಲಿಸುವುದಲ್ಲ, ಲಕ್ಷಣಗಳನ್ನು ಹತೋಟಿಯಲ್ಲಿಡುವುದು. ಅಷ್ಟರಲ್ಲಿ ಸೆರೆವೆಲ್ಲನ್ನು ಆಬ್‌ವಿ ಎಂಬ ಮತ್ತೊಂದು ದೊಡ್ಡ ಕಂಪನಿ ಕೊಂಡುಕೊಂಡಾಗಿತ್ತು. ಇಂಥ ಕೈಬದಲಾವಣೆಗಳ ನಡುವೆಯೂ ಕಣಜದ ಮಾಹಿತಿ ಮಾತ್ರ ಎಲ್ಲಿಯೂ ಹೋಗಲಿಲ್ಲ. ಪಾಲುದಾರಿಕೆಯ ಒಪ್ಪಂದ ಬರೆಯುವಾಗ ಮಾಹಿತಿ ಎಲ್ಲರದೆಂದು ಮೊದಲೇ ಗಟ್ಟಿಮಾಡಿಕೊಂಡದ್ದರ ಬೆಲೆ ಇಲ್ಲಿ ಕಾಣುತ್ತದೆ.

ಹಾಗಿದ್ದೂ ಹಣ ಹಾಕಿದವರು ಸಲಹಾ ಮಂಡಳಿಯಲ್ಲಿ ಕುಳಿತಿರುತ್ತಾರೆ. ಏನನ್ನು ಅಳೆಯಬೇಕು, ಯಾವುದನ್ನು ಮೊದಲು ಅಳೆಯಬೇಕು ಎಂಬುದರಲ್ಲಿ ಅವರ ಮಾತು ನಡೆಯುತ್ತದೆ. ಔಷಧಿಯಾಗಿ ಮಾರಲು ಬರುವ ಜೀನು, ಪ್ರೋಟೀನುಗಳ ಕಡೆಗೆ ಬೆಳಕು ಹೆಚ್ಚು ಬೀಳುವುದು ಸಹಜ. ಹೊಲಕ್ಕೆ ಹೊಡೆಯುವ ಕೀಟನಾಶಕ ಈ ಕಾಯಿಲೆಗೆ ಎಷ್ಟು ಕಾರಣ, ದಿನವೂ ವ್ಯಾಯಾಮ ಮಾಡಿಸಿದರೆ ಎಷ್ಟು ಅನುಕೂಲ ಎಂಬಂಥ ಪ್ರಶ್ನೆಗಳಿಗೆ ಕಂಪನಿಯ ಹಣ ಸುಲಭವಾಗಿ ಬಾರದು. ಸರ್ಕಾರದ ಪಾಲು ಇರಲೇಬೇಕಾದದ್ದು ಅದಕ್ಕೇ. ಜನರ ತೆರಿಗೆಯಿಂದಲೂ ಸ್ವಯಂಸೇವಕರ ಬೆನ್ನಿನ ನೀರಿನಿಂದಲೂ ಸಿದ್ಧವಾದ ಅಳತೆಗೋಲನ್ನು ಬಳಸಿ ನಾಳೆ ಕಂಪನಿಯೊಂದು ದುಬಾರಿ ಔಷಧಿ ತಂದರೆ ಬೆಲೆಯ ಬಗ್ಗೆ ಆ ಜನರ ಮಾತಿಗೆ ಜಾಗವಿದೆಯೇ ಎಂಬುದನ್ನೂ ಈಗಲೇ ಕೇಳಬೇಕಾಗಿದೆ.

ಇನ್ನೊಂದು ಕೊರತೆ ಕಣಜದ ಒಳಗೇ ಇದೆ. ಅದರಲ್ಲಿ ತುಂಬಿರುವುದು ಬಹುಪಾಲು ಯುರೋಪ್ ಮೂಲದವರ ಮಾಹಿತಿ. ನೈಜೀರಿಯದ ಹಾಗೂ ಅಮೆರಿಕದ ಆಫ್ರಿಕನ್ ಮೂಲದ ಜನರನ್ನು ಪರೀಕ್ಷಿಸಿದಾಗ, ಯುರೋಪಿಯನ್ನರಲ್ಲಿ ಕಾಣದಿದ್ದ ಒಂದು ವ್ಯತ್ಯಾಸ ಜಿಬಿಎ1 ಎಂಬ ಜೀನಿನಲ್ಲಿ ಸಿಕ್ಕಿತು. ತಂದೆ ತಾಯಿ ಇಬ್ಬರಿಂದಲೂ ಅದನ್ನು ಪಡೆದವರಿಗೆ ಪಾರ್ಕಿನ್ಸನ್ ಬರುವ ಸಂಭವ ಸುಮಾರು ಮೂರೂವರೆ ಪಟ್ಟು. ಇದು ಪ್ರಕಟವಾದದ್ದೂ 2023ರಲ್ಲಿ. ಭಾರತದ ಮಟ್ಟಿಗೆ ಹೇಳುವುದಾದರೆ, ಕಂಪನಿಗಳು ಬೆನ್ನುಹತ್ತಿರುವ ಎಲ್‌ಆರ್‌ಆರ್‌ಕೆ2 ಜೀನಿನ ಅತಿ ಪರಿಚಿತ ದೋಷ ಉತ್ತರ ಆಫ್ರಿಕದವರಲ್ಲೂ ಯಹೂದಿಗಳಲ್ಲೂ ಸಾಕಷ್ಟಿದೆ, ಇಲ್ಲಿನ ರೋಗಿಗಳಲ್ಲಿ ತೀರಾ ಅಪರೂಪ. ಹಾಗಾದರೆ ಇಲ್ಲಿನವರಿಗೆ ಬರುವುದು ಏಕೆ? ಅದನ್ನು ಹುಡುಕಲು ಫಾಕ್ಸ್ ಪ್ರತಿಷ್ಠಾನದ ನೆರವಿನಿಂದಲೇ ಭಾರತದ ವೈದ್ಯರು ಹತ್ತು ಸಾವಿರ ರೋಗಿಗಳು ಮತ್ತು ಹತ್ತು ಸಾವಿರ ಆರೋಗ್ಯವಂತರ ಜೀನುಗಳನ್ನು ಕಲೆಹಾಕುವ ಗುರಿ ಇಟ್ಟುಕೊಂಡು ಕೆಲಸ ಆರಂಭಿಸಿದ್ದಾರೆ. ವಿಜ್ಞಾನ ಓದಿದವರು ವೈದ್ಯರಾಗದಿದ್ದರೆ ಎಂಜಿನಿಯರೇ ಆಗಬೇಕೆಂದು ನಂಬಿರುವ ಮನೆಗಳಲ್ಲಿ ಒಂದು ಮಾತು ಕಿವಿಗೆ ಬೀಳಲಿ: ಈ ಕಣಜಗಳಿಗೆ ವೈದ್ಯರಷ್ಟೇ ಸಂಖ್ಯಾಶಾಸ್ತ್ರ ಬಲ್ಲವರೂ ಕಂಪ್ಯೂಟರಿನಲ್ಲಿ ಮಾಹಿತಿ ಜರಡಿ ಹಿಡಿಯಬಲ್ಲವರೂ ಬೇಕು. ಮಾಹಿತಿ ತೆರೆದಿರುವುದರಿಂದ ಆ ಕೆಲಸವನ್ನು ಧಾರವಾಡದಲ್ಲಿ ಕುಳಿತೂ ಮಾಡಬಹುದು.

ರೋಗವನ್ನು ತಡೆಯುವ ಔಷಧಿ ಇನ್ನೂ ಬಂದಿಲ್ಲ. ಹೆಪ್ಪಿನ ಪರೀಕ್ಷೆಗೂ ಮಿತಿಗಳಿವೆ. ಅದು ಕೆಟ್ಟ ಪ್ರೋಟೀನು ಇದೆಯೋ ಇಲ್ಲವೋ ಎಂಬುದನ್ನು ಚೆನ್ನಾಗಿ ಹೇಳುತ್ತದೆ, ಎಷ್ಟಿದೆ ಎಂಬುದನ್ನು ಅಷ್ಟು ಚೆನ್ನಾಗಿ ಹೇಳಲಾರದು. ಔಷಧಿ ಕೊಟ್ಟ ಮೇಲೆ ಕಡಿಮೆಯಾಯಿತೇ ಎಂದು ತಿಳಿಯಬೇಕಾದರೆ ಬೇಕಾದದ್ದು ಅದೇ ಅಳತೆ. ಬೆನ್ನಿಗೆ ಸೂಜಿ ಚುಚ್ಚುವ ಬದಲು ಒಂದು ತೊಟ್ಟು ರಕ್ತದಲ್ಲೋ ಒಂದು ಚೂರು ಚರ್ಮದಲ್ಲೋ ಇದನ್ನು ಪತ್ತೆಹಚ್ಚುವ ಪ್ರಯತ್ನಗಳು ಹಲವು ಪ್ರಯೋಗಾಲಯಗಳಲ್ಲಿ ನಡೆದಿವೆ. ಪಿಪಿಎಂಐ ಈಗ ಗುರಿಯನ್ನು 4,000 ಜನರಿಗೆ ಏರಿಸಿಕೊಂಡಿದೆ. ಹೊಸಬರನ್ನು ಹುಡುಕಲು ಅದು ಅಂಚೆಯಲ್ಲಿ ಪುಟ್ಟ ಪುಸ್ತಿಕೆಯೊಂದನ್ನು ಕಳಿಸುತ್ತದೆ. ಉಗುರಿನಿಂದ ಕೆರೆದು, ಮೂಸಿ, ಯಾವ ವಾಸನೆಯೆಂದು ಗುರುತು ಹಾಕಬೇಕು.